ಅತಿ ದೊಡ್ಡ ಸರೋವರ ಯಾವುದು? ಇನ್ನೂ ಮುಗಿಯದ ಒಂದು ಭೂಗೋಳದ ವಿವಾದ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತಪ್ಪದೆ ಸಿಗುವ ಪ್ರಶ್ನೆ ಇದು: ಜಗತ್ತಿನ ಅತಿ ದೊಡ್ಡ ಸರೋವರ ಯಾವುದು? ಉತ್ತರ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಒಂದರಲ್ಲಿ ಕ್ಯಾಸ್ಪಿಯನ್, ಇನ್ನೊಂದರಲ್ಲಿ ಸುಪೀರಿಯರ್, ಮತ್ತೊಂದರಲ್ಲಿ ಬೈಕಲ್. ಉತ್ತರ ಅಮೆರಿಕದ ಜಲವಿಜ್ಞಾನಿಗಳನ್ನು ಕೇಳಿದರೆ ಕೆಲವರು ಮಿಷಿಗನ್-ಹ್ಯೂರಾನ್ ಎಂಬ ನಾಲ್ಕನೆಯ ಹೆಸರನ್ನೂ ಸೇರಿಸುತ್ತಾರೆ. ಜಲಾಶಯಗಳ ವಿಷಯವೂ ಹೀಗೆಯೇ. ಕರೀಬಾ ಎನ್ನುವವರಿದ್ದಾರೆ, ವೋಲ್ಟಾ ಎನ್ನುವವರಿದ್ದಾರೆ, ವಿಕ್ಟೋರಿಯ ಎಂದು ವಾದಿಸುವವರೂ ಇದ್ದಾರೆ. ಪತ್ರಿಕೆ ಓದಿ ತ್ರೀ ಗಾರ್ಜಸ್ ಎಂದು ನಂಬಿದವರೂ ಕಡಿಮೆಯಿಲ್ಲ.

ಈ ಉತ್ತರಗಳಲ್ಲಿ ಬಹುಪಾಲು ತಪ್ಪಲ್ಲ. ಯಾವುದನ್ನು ಸರೋವರ ಎನ್ನಬೇಕು, ಅದರ ಗಡಿ ಎಲ್ಲಿ ಮುಗಿಯುತ್ತದೆ, ಹರವನ್ನು ಅಳೆಯಬೇಕೋ ನೀರಿನ ಮೊತ್ತವನ್ನೋ, ಯಾವ ವರ್ಷದ ಅಳತೆ ಹಿಡಿಯಬೇಕು ಎಂಬುದನ್ನೆಲ್ಲ ಅಳೆಯುವ ಮೊದಲೇ ಯಾರೋ ತೀರ್ಮಾನಿಸಿರುತ್ತಾರೆ. ಪಟ್ಟಿಗಳು ಆ ತೀರ್ಮಾನವನ್ನು ಮುಚ್ಚಿಟ್ಟು ಹೆಸರನ್ನಷ್ಟೇ ಕೊಡುತ್ತವೆ. ವಿವಾದ ಹುಟ್ಟುವುದು ಅಲ್ಲಿಂದ.

ಕ್ಯಾಸ್ಪಿಯನ್: ಎರಡೂವರೆ ಸಾವಿರ ವರ್ಷಗಳ ವಾದ

ಕ್ಯಾಸ್ಪಿಯನ್ ಜಲರಾಶಿಗೆ ಹೊರದಾರಿ ಇದೆಯೇ ಎಂಬ ಚರ್ಚೆ ಕ್ರಿಸ್ತಪೂರ್ವ ಐದನೆಯ ಶತಮಾನದಷ್ಟು ಹಳೆಯದು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಅದು ಯಾವ ಸಮುದ್ರಕ್ಕೂ ಸೇರದೆ ತಾನೇ ತಾನಾಗಿ ನಿಂತ ನೀರು ಎಂದು ಸರಿಯಾಗಿಯೇ ಬರೆದ. ಆದರೆ ಅವನ ನಂತರದವರು ದಾರಿ ತಪ್ಪಿದರು. ಸೆಲ್ಯೂಕಿಡ್ ದೊರೆಗಳ ಪರವಾಗಿ ಅಲ್ಲಿ ಯಾನ ಮಾಡಿದ ಪೆಟ್ರೋಕ್ಲಿಸ್ ಅದನ್ನು ಉತ್ತರ ಮಹಾಸಾಗರದ ಕೊಲ್ಲಿ ಎಂದು ತಿಳಿದ. ಎರಟೋಸ್ತನೀಸ್ ಮತ್ತು ಸ್ಟ್ರಾಬೊ ಅವನನ್ನೇ ನಂಬಿದರು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಟಾಲೆಮಿ ತನ್ನ ಭೂಗೋಳದಲ್ಲಿ ಕ್ಯಾಸ್ಪಿಯನ್ನಿನ ದಡವನ್ನು ಮತ್ತೆ ಮುಚ್ಚಿದ. ಹತ್ತನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿಗೂ ಅದು ಬೇರೆ ಸಮುದ್ರಗಳಿಗೆ ಸೇರಿಲ್ಲ ಎಂಬುದು ಗೊತ್ತಿತ್ತು. ಯುರೋಪಿನ ಓದುಗರಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿದ್ದು ಹದಿಮೂರನೆಯ ಶತಮಾನದಲ್ಲಿ, ಮಂಗೋಲ್ ಸಾಮ್ರಾಜ್ಯಕ್ಕೆ ಹೋಗಿಬಂದ ವಿಲಿಯಂ ಆಫ್ ರುಬ್ರುಕ್ ಎಂಬ ಪಾದ್ರಿಯಿಂದ.

ಆಕಾರದ ಪ್ರಶ್ನೆ ಮುಗಿಯಿತು, ಜಾತಿಯ ಪ್ರಶ್ನೆ ಉಳಿಯಿತು. ಸಮುದ್ರ ಎನ್ನುವವರ ಕೈಯಲ್ಲಿ ಭೂವಿಜ್ಞಾನದ ಆಧಾರವಿದೆ. ಪ್ಯಾರಾಟೆಥಿಸ್ ಎಂಬ ಪ್ರಾಚೀನ ಸಮುದ್ರ ಒಡೆದು ಚೂರಾದಾಗ ಉಳಿದ ತುಂಡು ಇದು. ದಕ್ಷಿಣ ಭಾಗದ ತಳದಲ್ಲಿ ಸಾಗರತಳದ ಬಗೆಯ ಶಿಲಾಪದರವಿದೆ. ನೀರು ಉಪ್ಪು, ಲೀಟರಿಗೆ ಸುಮಾರು 12ರಿಂದ 13 ಗ್ರಾಂ, ಎಂದರೆ ಸಾಗರದ ಉಪ್ಪಿನ ಮೂರನೆಯ ಒಂದು ಪಾಲು. ಅತಿ ಆಳದ ಜಾಗದಲ್ಲಿ 1,025 ಮೀಟರ್ ಇದೆ. ಸೀಲ್‌ಗಳು ಕೂಡ ಇಲ್ಲಿ ವಾಸಿಸುತ್ತವೆ.

ಸರೋವರ ಎನ್ನುವವರ ವಾದ ಸರಳ. ಸುತ್ತ ನೆಲ, ಸಾಗರಕ್ಕೆ ಸಹಜ ದಾರಿಯಿಲ್ಲ, ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 29 ಮೀಟರ್ ಕೆಳಗೆ. ಬರುವ ನದಿನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ವೋಲ್ಗಾ ಒಂದರದ್ದೇ, ಹೊರಹೋಗುವುದೆಲ್ಲ ಆವಿಯಾಗಿ. ವೋಲ್ಗಾ ಮುಖಜಭೂಮಿಯ ಬಳಿ ನೀರು ಸಿಹಿಯೇ. 1952ರಲ್ಲಿ ತೆರೆದ ವೋಲ್ಗಾ-ಡಾನ್ ಕಾಲುವೆ ಹಡಗುಗಳನ್ನು ಕಪ್ಪು ಸಮುದ್ರದ ಕಡೆಗೆ ಬಿಡುತ್ತದೆ ನಿಜ, ಆದರೆ ಅದು ಮನುಷ್ಯ ತೋಡಿದ್ದು.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಈ ಪ್ರಶ್ನೆಗೆ ಹಣದ ಬೆಲೆ ಬಂತು. ಅದುವರೆಗೆ ಅಲ್ಲಿ ಇದ್ದದ್ದು ಇರಾನ್ ಮತ್ತು ಸೋವಿಯತ್ ಎಂಬ ಎರಡೇ ದಡ, 1921 ಮತ್ತು 1940ರ ಎರಡು ಒಪ್ಪಂದ. ಆಮೇಲೆ ರಷ್ಯಾ, ಕಜಾಕ್‌ಸ್ತಾನ, ತುರ್ಕ್‌ಮೆನಿಸ್ತಾನ, ಅಜರ್‌ಬೈಜಾನ್, ಇರಾನ್ ಎಂದು ಐವರಾದರು. ನೀರಿನಡಿ ತೈಲ ಮತ್ತು ಅನಿಲವಿತ್ತು. ಸಮುದ್ರವೆಂದಾದರೆ ಅಂತರರಾಷ್ಟ್ರೀಯ ಸಮುದ್ರ ಕಾನೂನಿನಂತೆ ಕರಾವಳಿಯ ಉದ್ದ ನೋಡಿ ಪಾಲು. ಆಗ ಇರಾನಿಗೆ ಸಿಗುವುದು ಕಡಿಮೆ. ಸರೋವರವೆಂದಾದರೆ ಐವರಿಗೂ ಸಮಪಾಲು ಕೇಳಲು ಅವಕಾಶ. ಇರಾನ್ ಬಹುಕಾಲ ಕೇಳಿದ್ದು ಅದನ್ನೇ. 2018ರ ಆಗಸ್ಟ್ 12ರಂದು ಕಜಾಕ್‌ಸ್ತಾನದ ಅಕ್ತಾವ್ ನಗರದಲ್ಲಿ ಐವರೂ ಸಹಿ ಹಾಕಿದ ಒಪ್ಪಂದ ಎರಡೂ ಹಣೆಪಟ್ಟಿಯನ್ನು ಪಕ್ಕಕ್ಕಿಟ್ಟಿತು. ದಡದಿಂದ 15 ನಾಟಿಕಲ್ ಮೈಲಿ ಆಯಾ ದೇಶದ ಸ್ವಂತ ಜಲ, ಅದರಾಚೆ 10 ಮೈಲಿ ಮೀನುಗಾರಿಕೆಯ ಹಕ್ಕು, ಹೊರಗಿನವರ ಸೈನ್ಯಕ್ಕೆ ಪ್ರವೇಶವಿಲ್ಲ. ತಳದ ಹಂಚಿಕೆಯನ್ನು ನೆರೆಹೊರೆಯವರು ತಂತಮ್ಮಲ್ಲೇ ಮಾತಾಡಿ ಮುಗಿಸಿಕೊಳ್ಳಲು ಬಿಟ್ಟರು. ಐದು ದೇಶಗಳ ರಾಜತಾಂತ್ರಿಕರು ಎರಡು ದಶಕಕ್ಕೂ ಹೆಚ್ಚು ಕಾಲ ಕೂತು ಕೊಡಲಾಗದ ಉತ್ತರವನ್ನು ನಾವು ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುತ್ತಿದ್ದೇವೆ.

ನನ್ನ ಮಟ್ಟಿಗೆ ಕ್ಯಾಸ್ಪಿಯನ್ ಸರೋವರವೇ. ಉಪ್ಪಿನ ಕಾರಣಕ್ಕೆ ಅದನ್ನು ಹೊರಗಿಟ್ಟರೆ ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್, ರಾಜಸ್ಥಾನದ ಸಾಂಭರ್ ಎಲ್ಲವನ್ನೂ ಹೊರಗಿಡಬೇಕಾಗುತ್ತದೆ. ಹಾಗೆ ಒಪ್ಪಿಕೊಂಡ ಕ್ಷಣ ಹರವಿನ ಸ್ಪರ್ಧೆ ಮುಗಿಯುತ್ತದೆ. ಸುಮಾರು 3.7 ಲಕ್ಷ ಚದರ ಕಿಲೋಮೀಟರ್, ಇಡೀ ಕರ್ನಾಟಕದ ಹೆಚ್ಚುಕಡಿಮೆ ಎರಡರಷ್ಟು. ನೀರು ಸುಮಾರು 78,000 ಘನ ಕಿಲೋಮೀಟರ್. ಎರಡರಲ್ಲೂ ಸಮೀಪಕ್ಕೆ ಬರುವ ಇನ್ನೊಂದು ಸರೋವರವಿಲ್ಲ.

ಸಿಹಿನೀರಿನ ಹರವು: ಎಂಟು ಕಿಲೋಮೀಟರಿನ ಜಲಸಂಧಿ

ಕ್ಯಾಸ್ಪಿಯನ್ನನ್ನು ಒಪ್ಪದವರು, ಅಥವಾ ಸಿಹಿನೀರು ಎಂಬ ಷರತ್ತು ಸೇರಿಸುವವರು, ಸುಪೀರಿಯರ್ ಎನ್ನುತ್ತಾರೆ. ಅಮೆರಿಕ ಮತ್ತು ಕೆನಡಾ ನಡುವಿನ ಈ ಸರೋವರದ ಹರವು ಸುಮಾರು 82,100 ಚದರ ಕಿಲೋಮೀಟರ್. ಎರಡನೆಯ ಸ್ಥಾನ ಆಫ್ರಿಕಾದ ವಿಕ್ಟೋರಿಯಕ್ಕೆ, ಸುಮಾರು 68,800. ಶಾಲಾ ಅಟ್ಲಾಸುಗಳು ಕೊಡುವ ಕ್ರಮ ಇದು.

ಈ ಕ್ರಮವನ್ನು ಅಲುಗಾಡಿಸುವುದು ಮ್ಯಾಕಿನಾ ಜಲಸಂಧಿ. ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳನ್ನು ಸೇರಿಸುವ ಈ ಸಂದಿಯ ಅಗಲ ಸುಮಾರು ಎಂಟು ಕಿಲೋಮೀಟರ್. 1957ರಿಂದ ಇದರ ಮೇಲೆ ತೂಗುಸೇತುವೆಯಿದೆ. ಸೇತುವೆಯ ಕೆಳಗೆ ನೀರು ನದಿಯಂತೆ ಒಂದೇ ಕಡೆಗೆ ಹರಿಯುವುದಿಲ್ಲ. ಗಾಳಿ ಮತ್ತು ವಾಯುಭಾರ ಬದಲಾದಂತೆ ಒಮ್ಮೆ ಪೂರ್ವಕ್ಕೆ, ಕೆಲವೇ ದಿನಗಳಲ್ಲಿ ಮತ್ತೆ ಪಶ್ಚಿಮಕ್ಕೆ ತಿರುಗುತ್ತದೆ. ಎರಡೂ ಕಡೆ ನೀರಿನ ಮಟ್ಟ ಒಂದೇ, ಸಮುದ್ರಮಟ್ಟದಿಂದ ಸುಮಾರು 176 ಮೀಟರ್. ಸುಪೀರಿಯರಿನ ಮಟ್ಟ ಸುಮಾರು 183 ಮೀಟರ್. ಅಲ್ಲಿಂದ ಸೇಂಟ್ ಮೇರಿಸ್ ನದಿ ಏಳು ಮೀಟರಿನಷ್ಟು ಕೆಳಗಿಳಿದು ಹ್ಯೂರಾನ್ ಸೇರುತ್ತದೆ, ಹಡಗುಗಳನ್ನು ಲಾಕ್‌ಗಳ ಮೂಲಕ ಏರಿಸಿ ಇಳಿಸಬೇಕಾಗುತ್ತದೆ. ಎರಡು ಸರೋವರ ಬೇರೆ ಎನ್ನಲು ಆ ಇಳಿತವೇ ಸಾಕ್ಷಿ. ಮ್ಯಾಕಿನಾದಲ್ಲಿ ಅಂಥ ಇಳಿತವಿಲ್ಲ. ಅಮೆರಿಕದ ಸೇನಾ ಎಂಜಿನಿಯರ್‌ಗಳು ನೀರಿನ ಮಟ್ಟದ ವರದಿ ಕೊಡುವಾಗ ಮಿಷಿಗನ್-ಹ್ಯೂರಾನ್ ಎಂದು ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಸೇರಿಸಿ ಅಳೆದರೆ ಸುಮಾರು 1,17,000 ಚದರ ಕಿಲೋಮೀಟರ್. ಸುಪೀರಿಯರ್ ಎರಡನೆಯ ಸ್ಥಾನಕ್ಕೆ ಇಳಿಯುತ್ತದೆ.

ಎದುರು ಪಕ್ಷವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡರ ಹೊಂಡಗಳು ಬೇರೆ, ನೀರಿನ ಗುಣ ಬೇರೆ. ಹ್ಯೂರಾನಿನ ನೀರು ಪೂರ್ತಿ ಬದಲಾಗಲು ಇಪ್ಪತ್ತೆರಡು ವರ್ಷ ಸಾಕೆಂದು ಲೆಕ್ಕವಿದ್ದರೆ ಮಿಷಿಗನ್ನಿಗೆ ಅದರ ಹಲವು ಪಟ್ಟು ಕಾಲ ಬೇಕು. ಜೀವಿಗಳನ್ನು, ಮಾಲಿನ್ಯವನ್ನು ಅಧ್ಯಯನ ಮಾಡುವವರಿಗೆ ಇವು ಎರಡು ಲೋಕ. ಮಟ್ಟ, ಹರಿವು ನೋಡುವವರಿಗೆ ಒಂದೇ. ಆದರೆ ಒಂದು ಮಾತು ಗಮನಿಸಬೇಕು. ಸುಮಾರು 15,000 ಚದರ ಕಿಲೋಮೀಟರಿನ ಜಾರ್ಜಿಯನ್ ಕೊಲ್ಲಿ ದ್ವೀಪಗಳ ಸಾಲಿನ ಹಿಂದೆ ಪ್ರತ್ಯೇಕವಾಗಿಯೇ ಇದೆ. ಆದರೂ ಅದನ್ನು ಹ್ಯೂರಾನಿನ ಲೆಕ್ಕಕ್ಕೆ ಸೇರಿಸಲು ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿ ಸೇರಿಸುವ ಕೈ ಮ್ಯಾಕಿನಾದಲ್ಲಿ ಏಕೆ ತಡೆಯುತ್ತದೆ ಎಂದರೆ, ಹದಿನೇಳನೆಯ ಶತಮಾನದ ಫ್ರೆಂಚ್ ಶೋಧಕರ ಕಾಲದಿಂದ ನಕ್ಷೆಯಲ್ಲಿ ಎರಡು ಹೆಸರು ನಿಂತುಬಿಟ್ಟಿವೆ. ರೂಢಿಗೆ ಇಷ್ಟು ಬಲವಿದೆ.

ದಕ್ಷಿಣ ಅಮೆರಿಕದಲ್ಲೂ ಇದೇ ಕಥೆ. ವೆನಿಜುವೆಲಾದ ಸುಮಾರು 13,000 ಚದರ ಕಿಲೋಮೀಟರಿನ ಮರಕೈಬೊ ಸಮುದ್ರಕ್ಕೆ ತೆರೆದುಕೊಂಡಿದೆ. ಅದನ್ನು ಸರೋವರವೆಂದು ಒಪ್ಪಿದರೆ ಖಂಡದ ಮೊದಲ ಸ್ಥಾನ ಅದಕ್ಕೆ, ಇಲ್ಲವಾದರೆ ಟಿಟಿಕಾಕಕ್ಕೆ.

ಆಳ ಮತ್ತು ಮೊತ್ತ: ಬೈಕಲ್ ಪಕ್ಷ

ಹರವನ್ನು ಅಳೆಯುವುದು ದಡದಲ್ಲಿ ನಿಂತವರ ಅಳತೆ ಎಂಬುದು ಮೂರನೆಯ ಪಕ್ಷದ ವಾದ. ನೀರೆಷ್ಟಿದೆ ಎಂದು ಕೇಳಿದರೆ ಸೈಬೀರಿಯಾದ ಬೈಕಲ್ ಎದುರು ಸಿಹಿನೀರಿನ ಯಾವ ಸರೋವರವೂ ನಿಲ್ಲುವುದಿಲ್ಲ. ಹರವು ಸುಮಾರು 31,500 ಚದರ ಕಿಲೋಮೀಟರ್ ಅಷ್ಟೆ, ಸುಪೀರಿಯರಿನ ಅರ್ಧವೂ ಇಲ್ಲ. ಆದರೆ ಆಳ 1,642 ಮೀಟರ್, ನೀರು ಸುಮಾರು 23,600 ಘನ ಕಿಲೋಮೀಟರ್. ಉತ್ತರ ಅಮೆರಿಕದ ಐದೂ ಮಹಾಸರೋವರಗಳ ನೀರನ್ನು ಒಟ್ಟು ಮಾಡಿದರೂ ಇದಕ್ಕಿಂತ ಕಡಿಮೆ. ನಮ್ಮ ಅಣೆಕಟ್ಟುಗಳ ಲೆಕ್ಕದಲ್ಲಿ ಹೇಳುವುದಾದರೆ ಎಂಟು ಲಕ್ಷ ಟಿಎಂಸಿಗೂ ಮಿಕ್ಕು.

ಇದಕ್ಕೆ ಕಾರಣ ಭೂಮಿಯ ಬಿರುಕು. ಬೈಕಲ್ ಇರುವ ಕಣಿವೆ ಸುಮಾರು ಎರಡೂವರೆ ಕೋಟಿ ವರ್ಷಗಳಿಂದ ಅಗಲವಾಗುತ್ತ ಆಳವಾಗುತ್ತ ಬಂದಿದೆ. ಎರಡನೆಯ ಆಳದ ಟಾಂಗನಿಕ ಕೂಡ (1,470 ಮೀಟರ್) ಪೂರ್ವ ಆಫ್ರಿಕಾದ ಅಂಥದೇ ಬಿರುಕು ಕಣಿವೆಯದು. ಸುಪೀರಿಯರ್, ಮಿಷಿಗನ್ನುಗಳನ್ನು ಕೊರೆದದ್ದು ಹಿಮಯುಗದ ಹಿಮನದಿಗಳು. ಅವು ಅಗಲವಾಗಿ ಕೆರೆದವು, ಇಷ್ಟು ಆಳಕ್ಕೆ ಹೋಗಲಿಲ್ಲ. ಹರವಿನ ಪಟ್ಟಿ, ಮೊತ್ತದ ಪಟ್ಟಿ ಬೇರೆ ಬೇರೆಯಾಗಿ ಕಾಣುವುದರ ಹಿಂದೆ ಹುಟ್ಟಿನ ಈ ವ್ಯತ್ಯಾಸವಿದೆ. ಹಚಿನ್‌ಸನ್ ಎಂಬ ವಿಜ್ಞಾನಿ 1957ರಲ್ಲಿ ಪ್ರಕಟಿಸಿದ ಸರೋವರ ವಿಜ್ಞಾನದ ಗ್ರಂಥದಲ್ಲಿ ಹುಟ್ಟಿನ ಆಧಾರದ ಮೇಲೆ 76 ಬಗೆಯ ಸರೋವರಗಳನ್ನು ವಿಂಗಡಿಸಿದ್ದಾರೆ. ದೊಡ್ಡದು ಯಾವುದು ಎನ್ನುವುದಕ್ಕಿಂತ ಹೆಚ್ಚು ಕಲಿಸುವ ಪ್ರಶ್ನೆ ಅದು ಹೇಗೆ ಹುಟ್ಟಿತು ಎಂಬುದು.

ಮೊತ್ತದ ಪಕ್ಷಕ್ಕೂ ಒಂದು ತೊಡಕಿದೆ. ಹರವನ್ನು ಉಪಗ್ರಹ ಚಿತ್ರದಿಂದ ಅಳೆಯಬಹುದು. ಮೊತ್ತಕ್ಕೆ ತಳದ ನಕ್ಷೆ ಬೇಕು. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಡುತ್ತಿದ್ದರು, ಆಮೇಲೆ ಶಬ್ದದ ಪ್ರತಿಧ್ವನಿ ಬಂತು. ಜಗತ್ತಿನ ಬಹುಪಾಲು ಸರೋವರಗಳಿಗೆ ಇವತ್ತಿಗೂ ಅಂಥ ನಕ್ಷೆಯಿಲ್ಲ. ಅವುಗಳ ನೀರಿನ ಅಂಕಿ ಸುತ್ತಲಿನ ನೆಲದ ಇಳಿಜಾರು ನೋಡಿ ಮಾಡಿದ ಅಂದಾಜು. ಅಂಟಾರ್ಕ್ಟಿಕಾದ ವೋಸ್ಟೋಕ್ ಸರೋವರವಂತೂ ಸುಮಾರು ನಾಲ್ಕು ಕಿಲೋಮೀಟರ್ ದಪ್ಪದ ಹಿಮದಡಿ ಇದೆ. ರಷ್ಯಾದ ತಂಡದ ಕೊರೆತ ಅದರ ನೀರನ್ನು ಮುಟ್ಟಿದ್ದು 2012ರಲ್ಲಿ.

ಮನುಷ್ಯ ಕಟ್ಟಿದ ನೀರು

ಜಲಾಶಯಗಳಲ್ಲಿ ಸುದ್ದಿಯ ಗದ್ದಲ ಒಂದು ಕಡೆ, ನೀರಿನ ಲೆಕ್ಕ ಇನ್ನೊಂದು ಕಡೆ. ಚೀನಾದ ತ್ರೀ ಗಾರ್ಜಸ್ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಸ್ಥಾವರ, 22,500 ಮೆಗಾವಾಟ್. ಆದರೆ ಅದರ ಜಲಾಶಯ ಇಕ್ಕಟ್ಟಾದ ಕಣಿವೆಯಲ್ಲಿ ಆರುನೂರು ಕಿಲೋಮೀಟರಿನಷ್ಟು ಉದ್ದಕ್ಕೆ ಹೋಗುತ್ತದೆ, ಹಿಡಿಯುವ ನೀರು 39.3 ಘನ ಕಿಲೋಮೀಟರ್. ಜಾಂಬಿಯಾ-ಜಿಂಬಾಬ್ವೆ ಗಡಿಯಲ್ಲಿ ಜಾಂಬೆಸಿ ನದಿಗೆ 1959ರಲ್ಲಿ ಕಟ್ಟಿ ಮುಗಿಸಿದ ಕರೀಬಾ ಹಿಡಿಯುವುದು ಸುಮಾರು 180. ಟಿಎಂಸಿಯಲ್ಲಿ ಸುಮಾರು 6,350, ನಮ್ಮ ಲಿಂಗನಮಕ್ಕಿಯಂಥ ನಲವತ್ತಕ್ಕೂ ಹೆಚ್ಚು ಜಲಾಶಯಗಳ ನೀರು. ಹರವು ಕೇಳಿದರೆ ಮಾತ್ರ ಮೊದಲ ಹೆಸರು ಘಾನಾದ ವೋಲ್ಟಾ. 1965ರ ಅಕೊಸೊಂಬೊ ಅಣೆಕಟ್ಟಿನ ಹಿಂದೆ ನೀರು ಸುಮಾರು 8,500 ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಈ ಅಂಕಿಗಳ ಅಡಿಯಲ್ಲಿ ಊರುಗಳಿವೆ. ವೋಲ್ಟಾಕ್ಕಾಗಿ ಸುಮಾರು 80,000 ಜನ ಮನೆ ಬಿಟ್ಟರು, ಕರೀಬಾಕ್ಕಾಗಿ ಟೊಂಗಾ ಸಮುದಾಯದ ಸುಮಾರು 57,000 ಜನ. ಮುಳುಗಡೆಯ ನೋವು ಶರಾವತಿ ಕಣಿವೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಜಲಾಶಯಗಳ ಪಟ್ಟಿಗಳಲ್ಲಿ ಈ ಸಂಖ್ಯೆಗೂ ಒಂದು ಕಾಲಂ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯ ಹಕ್ಕುದಾರ ವಿಕ್ಟೋರಿಯ. 1954ರಲ್ಲಿ ಉಗಾಂಡದ ಜಿಂಜಾ ಬಳಿ, ನೈಲ್ ಹೊರಬರುವ ಜಾಗದಲ್ಲಿ ಓವೆನ್ ಫಾಲ್ಸ್ ಅಣೆಕಟ್ಟು ಎದ್ದ ಮೇಲೆ ಈ ಸಹಜ ಸರೋವರದ ಮೇಲ್ಪದರ ಮನುಷ್ಯನ ಹಿಡಿತಕ್ಕೆ ಬಂತು. ಆ ಪದರವನ್ನು 204.8 ಘನ ಕಿಲೋಮೀಟರ್ ಎಂದು ಲೆಕ್ಕ ಹಿಡಿಯುವ ಪಟ್ಟಿಗಳಲ್ಲಿ ಜಗತ್ತಿನ ಅತಿ ದೊಡ್ಡ ಜಲಾಶಯ ವಿಕ್ಟೋರಿಯವೇ. ಇಡೀ ಸರೋವರದ ಮೇಲೆ ಸುಮಾರು ಮೂರು ಮೀಟರ್ ನೀರು ಹಾಸಿದರೆ ಅಷ್ಟಾಗುತ್ತದೆ. ಆದರೆ 1961ರಿಂದ 1964ರ ನಡುವೆ ಭಾರಿ ಮಳೆಯೊಂದೇ ಅದರ ಮಟ್ಟವನ್ನು ಎರಡು ಮೀಟರಿಗೂ ಹೆಚ್ಚು ಏರಿಸಿತು. ಹಿಡಿದಿಟ್ಟದ್ದೆಷ್ಟು, ಮಳೆ ಕೊಟ್ಟದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೈಕಲ್ ಕೂಡ ಈ ವಿಷಯದಲ್ಲಿ ಪೂರ್ತಿ ಸಹಜವಲ್ಲ. ಅದರ ಒಂದೇ ಹೊರದಾರಿಯಾದ ಅಂಗಾರಾ ನದಿಗೆ 1950ರ ದಶಕದಲ್ಲಿ ಕಟ್ಟಿದ ಇರ್ಕುತ್ಸ್‌ಕ್ ಅಣೆಕಟ್ಟು ಸರೋವರವನ್ನು ಸುಮಾರು ಒಂದು ಮೀಟರ್ ಎತ್ತಿತು. ಆ ಒಂದು ಮೀಟರಿನಲ್ಲಿ ಸುಮಾರು 31 ಘನ ಕಿಲೋಮೀಟರ್ ನೀರಿದೆ, ತ್ರೀ ಗಾರ್ಜಸ್ ಜಲಾಶಯದ ಮುಕ್ಕಾಲು ಪಾಲಿಗಿಂತ ಹೆಚ್ಚು. ಬೈಕಲ್ಲನ್ನು ಜಲಾಶಯಗಳ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಹಾಗಿದ್ದರೆ ವಿಕ್ಟೋರಿಯವನ್ನು ಸೇರಿಸುವುದೂ ಸರಿಯಲ್ಲ ಎಂದು ನನಗನ್ನಿಸುತ್ತದೆ. ಕಟ್ಟದಿದ್ದರೆ ಆ ನೀರು ಅಲ್ಲಿ ಇರುತ್ತಲೇ ಇರಲಿಲ್ಲ ಎನ್ನುವಂಥ ಜಲರಾಶಿ ಮಾತ್ರ ಜಲಾಶಯವಾಗಬೇಕು. ಆ ಪರೀಕ್ಷೆಯಲ್ಲಿ ಕರೀಬಾ ಗೆಲ್ಲುತ್ತದೆ.

ಗೆದ್ದರೂ ಅದರ 180 ಘನ ಕಿಲೋಮೀಟರಿನಲ್ಲಿ ವಿದ್ಯುತ್ತಿಗೆ ಸಿಗುವ ಪಾಲು ಸುಮಾರು 65 ಮಾತ್ರ. ಉಳಿದದ್ದು ಟರ್ಬೈನಿನ ಬಾಯಿಗಿಂತ ಕೆಳಗಿನ ಡೆಡ್ ಸ್ಟೋರೇಜ್. 2022ರ ಕೊನೆಯಲ್ಲಿ ಬಳಸಬಹುದಾದ ನೀರು ಶೇಕಡಾ 5ಕ್ಕಿಂತ ಕೆಳಗಿಳಿದು ಜಾಂಬಿಯಾ, ಜಿಂಬಾಬ್ವೆ ಎರಡೂ ಕಡೆ ಕರೆಂಟು ಹೋಯಿತು. ಜಗತ್ತಿನ ಅತಿ ದೊಡ್ಡ ಜಲಾಶಯ ಎಂಬ ಬಿರುದಿಗೆ ಆಗ ಏನೂ ಆಗಿರಲಿಲ್ಲ. ಇನ್ನು ಹೂಳು. ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಹಿಡಿಯತೊಡಗಿದಾಗ ಸುಮಾರು 133 ಟಿಎಂಸಿ ಸಾಮರ್ಥ್ಯವಿತ್ತು, ಈಗಿನ ಅಧಿಕೃತ ಲೆಕ್ಕ 105.788. ಗೋಡೆ, ಎತ್ತರ ಎರಡೂ ಅಷ್ಟೇ ಇವೆ. ಹೊಟ್ಟೆಯಲ್ಲಿ ಮಾತ್ರ 27 ಟಿಎಂಸಿ ಜಾಗವನ್ನು ಮಣ್ಣು ತಿಂದಿದೆ. ಕಟ್ಟಿದ ವರ್ಷದ ಅಂಕಿಯನ್ನೇ ಇವತ್ತಿಗೂ ಅಚ್ಚು ಹಾಕುವ ಪುಸ್ತಕಗಳನ್ನು ನಂಬಬಾರದು ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಯಾವ ದಿನದ ಅಳತೆ?

ಕಾಂಬೋಡಿಯಾದ ತೊನ್ಲೆ ಸಾಪ್ ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಸರೋವರದಿಂದ ಹೊರಡುವ ನದಿ ಹಿಮ್ಮುಖವಾಗಿ ಹರಿದು ಅದನ್ನು ನಾಲ್ಕೈದು ಪಟ್ಟು ಹಿಗ್ಗಿಸುತ್ತದೆ. ಎರಡರಲ್ಲಿ ಯಾವುದು ಅದರ ಗಾತ್ರ?

ಅರಲ್ ಸರೋವರದ ಸಂಗತಿ ಇದಕ್ಕಿಂತ ಘೋರ. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರಿನ ಅದು ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರ. ಹತ್ತಿ ಬೆಳೆಗೆ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ತಿರುಗಿಸಿದ ಮೇಲೆ ಅದು ಬತ್ತಿ ತುಂಡಾಯಿತು. ಉಜ್ಬೇಕಿಸ್ತಾನದ ಮೊಯ್ನಾಕ್ ಎಂಬ ಬಂದರಿನಲ್ಲಿ ಮೀನುಗಾರಿಕೆಯ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ಕಜಾಕ್‌ಸ್ತಾನ 2005ರಲ್ಲಿ ಕೋಕ್-ಅರಲ್ ಒಡ್ಡು ಕಟ್ಟಿ ಉತ್ತರದ ತುಂಡನ್ನು ಉಳಿಸಿಕೊಂಡಿತು, ಅಲ್ಲಿ ಮೀನು ಮರಳಿತು. ದಕ್ಷಿಣದ ಪೂರ್ವಭಾಗ 2014ರಲ್ಲಿ ಪೂರ್ತಿ ಒಣಗಿತು.

ಕ್ಯಾಸ್ಪಿಯನ್ನಿಗೂ ಇಂಥ ಚರಿತ್ರೆಯಿದೆ. 1930ರ ಸುಮಾರಿನಿಂದ 1977ರವರೆಗೆ ಅದು ಸುಮಾರು ಮೂರು ಮೀಟರ್ ಇಳಿಯಿತು. ನೀರು ಪೋಲಾಗುತ್ತಿದೆಯೆಂದು ಹೆದರಿದ ಸೋವಿಯತ್ ಸರ್ಕಾರ 1980ರಲ್ಲಿ ಪೂರ್ವದಂಡೆಯ ಕಾರಾ-ಬೊಗಾಜ್-ಗೋಲ್ ಎಂಬ ಕೊಲ್ಲಿಯ ಬಾಯಿಗೆ ಒಡ್ಡು ಹಾಕಿತು. ಅಷ್ಟರಲ್ಲಿ ಕ್ಯಾಸ್ಪಿಯನ್ ತಾನಾಗಿಯೇ ಏರಲು ಶುರು ಮಾಡಿತ್ತು. ಕೊಲ್ಲಿ ಕೆಲವೇ ವರ್ಷಗಳಲ್ಲಿ ಒಣಗಿ ಉಪ್ಪಿನ ಧೂಳೆದ್ದಿತು, 1992ರಲ್ಲಿ ಒಡ್ಡನ್ನು ತೆಗೆದರು. ಈ ಕೊಲ್ಲಿಯನ್ನು ಸೇರಿಸಿದರೆ ಕ್ಯಾಸ್ಪಿಯನ್ನಿನ ಹರವಿಗೆ ಒಂದು ಅಂಕಿ, ಬಿಟ್ಟರೆ ಇನ್ನೊಂದು. 1990ರ ದಶಕದ ನಡುವಿನಿಂದ ಮಟ್ಟ ಮತ್ತೆ ಇಳಿಯುತ್ತಿದೆ. ಉತ್ತರ ಭಾಗ ಕೆಲವೇ ಮೀಟರ್ ಆಳದ್ದಾದ್ದರಿಂದ ದಡ ಮೊದಲು ಸರಿಯುವುದೂ ಅಲ್ಲೇ.

ಈ ಬದಲಾವಣೆಯನ್ನು ಎಲ್ಲೆಡೆ ಒಟ್ಟಿಗೆ ನೋಡಲು ಸಾಧ್ಯವಾದದ್ದು ಉಪಗ್ರಹಗಳಿಂದ. 1972ರ ಲ್ಯಾಂಡ್‌ಸ್ಯಾಟ್ ಹರವನ್ನು ತೋರಿಸಿತು, 1992ರ ಟೋಪೆಕ್ಸ್-ಪೊಸೈಡಾನ್ ಮಟ್ಟವನ್ನೂ ಅಳೆಯಿತು, 2022ರ ಡಿಸೆಂಬರಿನಲ್ಲಿ ಹಾರಿದ ಸ್ವಾಟ್ ಎರಡನ್ನೂ ಒಟ್ಟಿಗೆ ಅಳೆಯುತ್ತಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 2,000 ದೊಡ್ಡ ಸರೋವರ-ಜಲಾಶಯಗಳನ್ನು ಪರಿಶೀಲಿಸಿ, 1992ರಿಂದ 2020ರ ನಡುವೆ ಅರ್ಧಕ್ಕಿಂತ ಹೆಚ್ಚಿನವು ನೀರು ಕಳೆದುಕೊಂಡಿವೆ ಎಂದು ಕಂಡುಕೊಂಡಿತು.

ಭಾರತದ ಪಟ್ಟಿ

ನಮ್ಮ ಪುಸ್ತಕಗಳ ಪ್ರಕಾರ ದೇಶದ ಅತಿ ದೊಡ್ಡ ಸಿಹಿನೀರಿನ ಸರೋವರ ಕಾಶ್ಮೀರದ ವುಲರ್. ಋತುವಿನಿಂದ ಋತುವಿಗೆ ಅದರ ಹರವು ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಒಡಿಶಾದ ಚಿಲಿಕಾ, ಸಮುದ್ರಕ್ಕೆ ಬಾಯಿ ತೆರೆದ ಹಿನ್ನೀರು. ಮುಚ್ಚಿಹೋಗುತ್ತಿದ್ದ ಅದಕ್ಕೆ 2000ದಲ್ಲಿ ಹೊಸ ಬಾಯಿ ತೋಡಲಾಯಿತು. ಮರಕೈಬೊವನ್ನು ಸರೋವರವಲ್ಲ ಎನ್ನುವವರು ಚಿಲಿಕಾವನ್ನೂ ಬಿಡಬೇಕಾಗುತ್ತದೆ. ಜಲಾಶಯಗಳಲ್ಲಿ ನೀರಿನ ಮೊತ್ತಕ್ಕೆ ನರ್ಮದೆಯ ಇಂದಿರಾ ಸಾಗರ, ಸುಮಾರು 12.2 ಘನ ಕಿಲೋಮೀಟರ್, ಎಂದರೆ ಸುಮಾರು 430 ಟಿಎಂಸಿ.

ತೀರ್ಮಾನವಾಗದೆ ಉಳಿದದ್ದು

ಕ್ಯಾಸ್ಪಿಯನ್ನಿನ ತಳದ ಗಡಿಗಳು ದಕ್ಷಿಣದಲ್ಲಿ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ನೀರು ಇಳಿದಂತೆ ದಡ ಸರಿದರೆ ದಡದಿಂದ ಅಳೆದ ಆ 15 ಮೈಲಿಗಳ ಗತಿಯೇನು ಎಂಬುದು ಮುಂದಿನ ದಿನಗಳ ಜಗಳವಾಗಬಹುದು. ಜಲಸಂಧಿ ಎಷ್ಟು ಅಗಲವಿದ್ದರೆ ಎರಡು ಸರೋವರ ಒಂದಾಗುತ್ತವೆ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಅಣೆಕಟ್ಟು ಎತ್ತರಿಸಿದ ಸಹಜ ಸರೋವರವನ್ನು ಯಾವ ಪಟ್ಟಿಗೆ ಹಾಕಬೇಕೆಂಬುದಕ್ಕೂ ಇಲ್ಲ. ತಳದ ನಕ್ಷೆಯಿಲ್ಲದ ಸಾವಿರಾರು ಸರೋವರಗಳ ನೀರಿನ ಮೊತ್ತ ಅಂದಾಜಾಗಿಯೇ ಇದೆ, ಹೂಳು ತುಂಬಿದ ಜಲಾಶಯಗಳ ಸಾಮರ್ಥ್ಯ ಹಳೆಯ ಅಂಕಿಯಲ್ಲೇ ನಿಂತಿದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ, ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅತಿ ದೊಡ್ಡ ಸರೋವರ ಯಾವುದೆಂದು ಕೇಳುವಾಗ ಹರವೋ ಮೊತ್ತವೋ, ಸಿಹಿನೀರೋ ಯಾವುದಾದರೂ ಸರಿಯೋ ಎಂಬುದನ್ನು ಪ್ರಶ್ನೆಯಲ್ಲೇ ಬರೆಯಿರಿ. ಅಂಕಿ ಕೊಡುವಾಗ ಅದು ಯಾವ ವರ್ಷದ್ದೆಂದು ಪಕ್ಕದಲ್ಲಿ ನಮೂದಿಸಿ. ಅರಲ್ ನಾಲ್ಕನೆಯ ಅತಿ ದೊಡ್ಡ ಸರೋವರ ಎಂದು ಇನ್ನೂ ಅಚ್ಚಾಗುತ್ತಿರುವ ಪುಸ್ತಕ ನಿಮ್ಮ ಶಾಲೆಯ ಗ್ರಂಥಾಲಯದಲ್ಲಿದ್ದರೆ ಮುಂದಿನ ವರ್ಷದ ಮಕ್ಕಳ ಕೈಗೆ ಅದನ್ನು ಕೊಡುವ ಮೊದಲು ಆ ಸಾಲನ್ನು ತಿದ್ದಿ.